ಅಕ್ಕನಿಗೆ ಮಾತ್ರ ಬೆಲ್ಲ

ನಾನು ಚಿಕ್ಕವನಿದ್ದಾಗ ಬಿಜೂರಿನ ನಮ್ಮ ಮನೆಯಲ್ಲಿ ಇಬ್ಬರಿಗೆ ಕಾಯಿಲೆ ಇತ್ತು. ಅಕ್ಕನದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನದು ಊರಿಗೇ ಗೊತ್ತಿತ್ತು: ಹೊಟ್ಟೆಕಿಚ್ಚು. ನಗಬೇಡಿ ಮಕ್ಕಳೇ, ನಿಮ್ಮಲ್ಲೂ ಅದು ಇದೆ. ನಿನ್ನೆ ಐಸ್‌ಕ್ರೀಮ್ ಹಂಚುವಾಗ ನಾನು ನೋಡಲಿಲ್ಲವೇ!

ನಮ್ಮ ಕಡೆ ಬಾಯಾರಿ ಬಂದವರಿಗೆ ಬರಿಯ ನೀರು ಕೊಡುವ ಪದ್ಧತಿ ಇಲ್ಲ. ತಂಬಿಗೆ ನೀರಿನ ಜೊತೆ ಒಂದು ತುಂಡು ಬೆಲ್ಲ ಇಡಬೇಕು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಶಾಲೆಯಿಂದ ಬಂದವಳೇ ತಂಬಿಗೆ ಎತ್ತಿ ಗಟಗಟ ಕುಡಿಯುವಳು, ಮತ್ತೆ ಕೇಳುವಳು. ಪ್ರತಿ ಸಲವೂ ಅಮ್ಮ ಡಬ್ಬಿಯ ಮುಚ್ಚಳ ತೆಗೆಯುವಳು. "ಹೆಣ್ ಒಣಗಿ ಕಡ್ಡಿ ಆಯ್ತ್. ಬೆಲ್ಲ ತಿಂದಾರೂ ಮೈ ಹಿಡೀಲಿ" ಎನ್ನುವಳು. ನನಗೂ ಬಾಯಾರಿಕೆ ಎಂದು ಮುಖ ಸಪ್ಪೆ ಮಾಡಿ ನಿಂತರೆ, "ಕೊಡಪಾನದಲ್ಲಿ ನೀರ್ ಇತ್ತಲ್ದಾ, ಕುಡಿ" ಎಂದು ಅಟ್ಟುವಳು.

ಅಂದಿನಿಂದ ನಾನು ಅಕ್ಕನ ಮೇಲೆ ಕಣ್ಣಿಟ್ಟೆ. ಅವಳ ಬಟ್ಟಲಿಗೆ ಕುಚ್ಚಲಕ್ಕಿ ಗಂಜಿ ಮತ್ತೆ ಮತ್ತೆ ಬೀಳುತ್ತಿತ್ತು. ಆದರೂ ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ರಾತ್ರಿ ಅವಳು ಎದ್ದೆದ್ದು ಹೊರಗೆ ಹೋಗುವಾಗ ಅಮ್ಮ ಲಾಟೀನು ಹಿಡಿದು ಜೊತೆಗೆ ನಡೆಯುವಳು. ನಾನು ಕರೆದರೆ ಮಾತ್ರ ಬೈಗುಳ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇರುವೆಗಳು. ಬಚ್ಚಲ ಹಿಂದೆ ಅಕ್ಕ ಉಚ್ಚೆ ಹೊಯ್ದ ಜಾಗಕ್ಕೆ ಸಾಲುಸಾಲಾಗಿ ಬಂದು ಮುತ್ತುತ್ತಿದ್ದವು. ನಾನು ಹೊಯ್ದಲ್ಲಿಗೆ ಒಂದಾದರೂ ಬರಬೇಕಲ್ಲ! ಕಾದು ಕಾದು ಸಾಕಾಯಿತು. ಇರುವೆಗೂ ಅಕ್ಕನೇ ಬೇಕೇ ಎಂದು ಅಳುವೇ ಬಂತು.

ಅಮ್ಮನಿಗೆ ಬೇರೆಯೇ ಅನುಮಾನ. "ಯಾರ‍್ದೋ ಕಣ್ಣ್ ಬಿದ್ದಿತ್ತ್" ಎಂದು ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ನಾನು ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಆ ಮನೆಯಲ್ಲಿ ಅಕ್ಕನ ಮೇಲೆ ಹಗಲಿರುಳು ಕಣ್ಣಿಟ್ಟವನು ನಾನೊಬ್ಬನೇ ಅಲ್ಲವೇ? ನನ್ನಿಂದಲೇ ಅಕ್ಕ ಸತ್ತುಹೋದರೆ? ಬೆಲ್ಲ ಅವಳಿಗೇ ಇರಲಿ ಎಂದು ದೇವರಿಗೆ ಹೇಳಿಕೊಂಡೆ. ಮರುದಿನ ಅವಳಿಗೆ ಬೆಲ್ಲ ಕೊಡುವುದನ್ನು ಕಂಡಾಗ ಮತ್ತೆ ಅದೇ ಉರಿ.

ಒಂದು ಬೆಳಿಗ್ಗೆ ಅಕ್ಕ ಕುಡಿದದ್ದೆಲ್ಲ ವಾಂತಿ ಮಾಡಿ ಚಾಪೆಯಿಂದ ಏಳಲೇ ಇಲ್ಲ. ಅಪ್ಪಯ್ಯ ಅವಳನ್ನು ಕುಂದಾಪುರದ ಡಾಕ್ಟರಿಗೆ ತೋರಿಸಲು ಹೊರಟರು. ಅವಳಿಗೆ ಬಸ್ಸಿನ ಸವಾರಿ, ನನಗೆ ಶಾಲೆ! ಅಂಗಳದಲ್ಲಿ ಬಿದ್ದು ಹೊರಳಾಡಿದೆ. "ಈ ಮಾಣಿ ಕಾಟ ಸಾಕಪ್ಪಾ" ಎಂದು ಅಪ್ಪಯ್ಯ ನನ್ನನ್ನೂ ಕರೆದುಕೊಂಡರು. ಕಿಟಕಿಯ ಸೀಟು ಅವಳಿಗೇ ಹೋಯಿತು. ತ್ರಾಸಿ ದಾಟಿ ಸಮುದ್ರ ರಸ್ತೆಯ ಪಕ್ಕಕ್ಕೇ ಬಂದರೂ ಅವಳು ಕಣ್ಣು ತೆರೆಯಲಿಲ್ಲ. ಬಾಯಿ ತೆರೆದು ಜೋರಾಗಿ ಉಸಿರಾಡುತ್ತಿದ್ದಳು. ಆ ಉಸಿರಿಗೆ ಕಳಿತ ಹಣ್ಣಿನ ವಾಸನೆ. ಓಹೋ, ನನಗೆ ಕೊಡದೆ ಕದ್ದು ತಿಂದಿದ್ದಾಳೆ ಎಂದುಕೊಂಡೆ.

ಡಾಕ್ಟರ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಹೊರಗೆ ಜನವೋ ಜನ. ಅಪ್ಪಯ್ಯ ಕೈಕಟ್ಟಿ ನಿಂತು, "ಹೆಣ್ಣಿಗೆ ಸುಸ್ತು ಡಾಕ್ಟ್ರೇ. ಬೆಳಿಗ್ಗೆಯಿಂದ ವಾಂತಿ" ಎಂದಷ್ಟೇ ಹೇಳಿದರು. ಡಾಕ್ಟರು ನಾಡಿ ಹಿಡಿದು, ಪಿತ್ತ ಇರಬಹುದು ಎಂದು ಪೆನ್ನು ತೆಗೆದರು. "ಜೊತೆಗೆ ಒಂದು ಟಾನಿಕ್ ಬರೆಯುತ್ತೇನೆ. ಸಿಹಿ ಇರುತ್ತದೆ, ಮಕ್ಕಳು ಕುಡಿಯುತ್ತಾರೆ" ಎಂದರು.

ಸಿಹಿ! ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಎಲ್ಲ ಅಕ್ಕಂಗೇ!" ಎಂದು ಕಿರುಚಿದೆ. "ನೀರಿಗೆ ಬೆಲ್ಲ ಅವ್ಳಿಗೆ, ಗಂಜಿ ಹೆಚ್ಚಿಗೆ ಅವ್ಳಿಗೆ. ರಾತ್ರಿ ಇಡೀ ಅಮ್ಮ ಅವ್ಳನ್ನೇ ಹೊರ‍್ಗೆ ಕರ‍್ಕಂಡ್ ಹೋಪುದು. ಇರ‍್ವೆ ಸೈತ ಅವ್ಳ್ ಉಚ್ಚೆಗೇ ಬಪ್ಪುದು, ನಂದಕ್ಕೆ ಬತ್ತಿಲ್ಲ! ಈಗ ಕದ್ದ್ ಹಣ್ಣೂ ತಿಂದಿತ್ತ್. ಬೇಕಾರೆ ಬಾಯಿ ಮೂಸಿ ಕಾಣಿ!"

ಅಪ್ಪಯ್ಯ ನಾಚಿಕೆಯಿಂದ ನನ್ನ ಕಿವಿ ಹಿಂಡಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. "ಅವನ ಕಿವಿ ಬಿಡಿ. ಇರುವೆ ಅಂದೆಯಾ? ಇನ್ನೊಮ್ಮೆ ಹೇಳು, ಮಗೂ" ಎಂದು ಕೇಳುತ್ತಲೇ ಬಗ್ಗಿ ಅಕ್ಕನ ಉಸಿರು ಮೂಸಿದರು. ಅವರ ಮುಖವೇ ಬದಲಾಯಿತು. ಅಕ್ಕನ ಉಚ್ಚೆಯ ನಾಲ್ಕು ಹನಿಯನ್ನು ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಹಂಚಿನ ಹಾಗೆ ಕೆಂಪಾಯಿತು.

"ಸಕ್ಕರೆ ಕಾಯಿಲೆ" ಎಂದರು ಡಾಕ್ಟರು. "ತೋಡಿನಲ್ಲಿ ನೀರು ತುಂಬಿ ಹರಿಯುತ್ತಿದೆ, ಗದ್ದೆಗೆ ಬಿಡುವ ಕಂಡಿ ಮುಚ್ಚಿಹೋಗಿದೆ. ರಕ್ತದ ತುಂಬ ಸಕ್ಕರೆ ಇದ್ದರೂ ಮೈ ಉಪವಾಸ. ಆ ಕಂಡಿ ತೆರೆಯುವುದು ಇನ್ಸುಲಿನ್. ಇವಳ ಮೈಯಲ್ಲಿ ಅದು ತಯಾರಾಗುವುದೇ ನಿಂತಿದೆ. ದಿನವೂ ಚುಚ್ಚಬೇಕು, ಜೀವಮಾನವಿಡೀ."

ಅಪ್ಪಯ್ಯ ಕೇಳಿದರು: "ನಾವ್ ಬೆಲ್ಲ ಕೊಟ್ಟೇ ಬಂದದ್ದಾ?"

"ಬೆಲ್ಲದಿಂದ ಬಂದದ್ದಲ್ಲ. ಬಂದ ಮೇಲೆ ಬೆಲ್ಲ ಕೊಟ್ಟದ್ದು ಉರಿಯುವ ಬೆಂಕಿಗೆ ಸೌದೆ ಹಾಕಿದ ಹಾಗಾಯಿತು."

"ಕಣ್ಣ್ ಬಿದ್ದ್ರೆ ಬತ್ತಾ?" ಎಂದು ನಾನು ಮೆಲ್ಲಗೆ ಕೇಳಿದೆ.

ಅವರು ನನ್ನ ತಲೆ ಸವರಿದರು. "ಯಾರ ಕಣ್ಣಿನಿಂದಲೂ ಬರುವುದಿಲ್ಲ. ನಿನ್ನ ಕಣ್ಣು ಇಲ್ಲದಿದ್ದರೆ ನಾನು ಟಾನಿಕ್ ಕೊಟ್ಟು ಕಳಿಸುತ್ತಿದ್ದೆ. ಇವಳು ನಾಳೆಯನ್ನು ಕಾಣುತ್ತಿರಲಿಲ್ಲ." ಅಲ್ಲೇ ಮೊದಲ ಇಂಜೆಕ್ಷನ್ ಚುಚ್ಚಿ, ತಮ್ಮ ಕಾರಿನಲ್ಲೇ ಅಕ್ಕನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ಕಾರು! ಆ ಒಂದು ಸಲ ಮಾತ್ರ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ರಸ್ತೆಯಲ್ಲಿ ನಿಂತು ಜೋರಾಗಿ ಅತ್ತೆ.

ಅಕ್ಕ ಮನೆಗೆ ಬಂದಳು, ಕೆನ್ನೆ ತುಂಬಿಕೊಂಡು. ನನ್ನ ಕಾಯಿಲೆಯೂ ಅವಳ ಹಿಂದೆಯೇ ಬಂತು. ಅಮ್ಮ ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ದಪ್ಪ ಸೂಜಿ ಚುಚ್ಚುವಳು. ಇನ್ಸುಲಿನ್ ಸೀಸೆ ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ತಣ್ಣಗಿರುತ್ತಿತ್ತು. ಅಕ್ಕನ ಉಚ್ಚೆ ಕಾಯಿಸುವಾಗ ನನ್ನದನ್ನೂ ಕಾಯಿಸಿ ಎಂದು ಹಟ ಹಿಡಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಅದಕ್ಕೂ ಅತ್ತೆ. ಇನ್ನು ಮೇಲಾದರೂ ಅವಳಿಗೆ ಬೆಲ್ಲವಿಲ್ಲ ಎಂಬುದೊಂದೇ ಸಮಾಧಾನ. ಆದರೆ ಡಾಕ್ಟರು ಹೇಳಿ ಕಳಿಸಿದ್ದೇನು ಗೊತ್ತೇ? ಇನ್ಸುಲಿನ್ ಹೆಚ್ಚಾದರೆ, ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಮೈ ಬೆವರಿ ಕೈ ನಡುಗಿದ ಕೂಡಲೇ ಬಾಯಿಗೆ ಸಿಹಿ ಹಾಕಬೇಕು, ಒಂದು ತುಂಡು ಸದಾ ಜೊತೆಗಿರಲಿ ಎಂದು. ಸುತ್ತಿ ಸುತ್ತಿ ಬೆಲ್ಲ ಅವಳಿಗೇ!

ಈಗ ನೀವು ನೋಡುತ್ತೀರಲ್ಲ, ಅಕ್ಕನ ತೋಳಿನ ಮೇಲೆ ಸಕ್ಕರೆ ಅಳೆಯುವ ಒಂದು ಬಿಲ್ಲೆ ಅಂಟಿದೆ. ಉಚ್ಚೆ ಕಾಯಿಸಬೇಕಿಲ್ಲ, ಇರುವೆಗೂ ಕಾಯಬೇಕಿಲ್ಲ. ಸಕ್ಕರೆ ಎಷ್ಟೆಂದು ಮೊಬೈಲೇ ಹೇಳುತ್ತದೆ, ಯಾರು ಮೊದಲು ನೋಡುವುದೆಂದು ನೀವು ಜಗಳವಾಡುತ್ತೀರಿ. ನನಗೂ ಸಕ್ಕರೆ ಕಾಯಿಲೆ ಬಂತು, ಹೊಟ್ಟೆ ಬೆಳೆದು ತಲೆ ಹಣ್ಣಾದ ಮೇಲೆ. ನನ್ನದು ಎರಡನೆಯ ಬಗೆ. ಮೈಯಲ್ಲಿ ಇನ್ಸುಲಿನ್ ಇದೆ, ಅದರ ಮಾತನ್ನು ಮೈ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಮಾತ್ರೆ, ಬೆಳಗಿನ ನಡಿಗೆ, ಅನ್ನ ಕಡಿಮೆ. ಬೆಲ್ಲದ ಡಬ್ಬಿಯನ್ನು ನಿಮ್ಮ ಅಜ್ಜಿ ನನ್ನ ಕೈಗೆಟುಕದ ಅಟ್ಟಕ್ಕೇರಿಸಿದ್ದಾಳೆ.

ಮೊನ್ನೆ ಅಕ್ಕ ಬಂದಾಗ ಮಾತಿನ ನಡುವೆ, ಸಕ್ಕರೆ ಕುಸಿಯುತ್ತಿದೆ ಎಂದು ಅವಳ ಮೊಬೈಲು ಕೂಗಿತು. ಹಣೆ ಬೆವರಿತ್ತು. ಚೀಲದಿಂದ ಬೆಲ್ಲದ ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು. ನಾನು ನೋಡುತ್ತಲೇ ಇದ್ದೆ. "ಎಂತ ಕಾಂಬುದ್ ಮಾಣಿ? ಇದ್ ನಂಗೆ ಮಾತ್ರ" ಎಂದಳು, ಅಂದಿನ ಹಾಗೆಯೇ ಕೆನ್ನೆ ಉಬ್ಬಿಸಿಕೊಂಡು.

ಹೊಟ್ಟೆ ಉರಿಯಿತು ಮಕ್ಕಳೇ. ಉರಿಯಲಿ ಬಿಡಿ. ಇಷ್ಟು ವರ್ಷವಾದರೂ ಹೊಟ್ಟೆ ಉರಿಸಲು ಅವಳು ನನ್ನ ಎದುರಿಗೇ ಬಂದು ಕೂರುತ್ತಾಳಲ್ಲ.