ಸಿದ್ದಲಿಂಗೇಶನ ಇಪ್ಪತ್ತು ಕುರಿಗಳು

ವಿಜಯಪುರದಲ್ಲಿ ಹದಿನೆಂಟು ವರ್ಷ ಕನ್ನಡಕ ಮಾರಿದ್ದ ಸಿದ್ದಲಿಂಗೇಶ, ಜಗತ್ತನ್ನು ಸ್ಪಷ್ಟವಾಗಿ ಕಾಣುವುದರಲ್ಲಿ ತನಗಿಂತ ಮಿಗಿಲಾದವರಿಲ್ಲ ಎಂದು ನಂಬಿದ್ದ. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಬಿಜ್ಜರಗಿಯ ಮೂರೆಕರೆ ಹೊಲದಲ್ಲಿ ಕುರಿ ಸಾಕಲು ಹೊರಟ. ಮೂರು ದಿನದ ತರಬೇತಿಯ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ.

"ಇದನ್ನ ಕುರಿಗೆ ತೋರ್ಸಿದ್ರ ಸಾಕೇನ್ರಿ, ಇಲ್ಲಾ ಓದಿ ಹೇಳಬೇಕೇನು?" ಎಂದು ಹೆಂಡತಿ ನಿರ್ಮಲಾ ಕೇಳಿದಳು. ಗಡುವನ್ನೂ ಕೊಟ್ಟಳು: ಯುಗಾದಿಯೊಳಗೆ ಸರ್ಕಾರದ ನೆರವು ಮಂಜೂರಾಗದಿದ್ದರೆ ಮತ್ತೆ ಅಂಗಡಿಗೆ.

ಹೊಸ ರೈತರಿಗೆ ಸರ್ಕಾರದ ನೆರವಿಗೇನೂ ಕೊರತೆಯಿರಲಿಲ್ಲ. ಅದು ಎರಡು ಕಚೇರಿಗಳಲ್ಲಿ ಹಂಚಿಹೋಗಿತ್ತು, ಅಷ್ಟೆ. ಒಂದು ಕಚೇರಿ ಕುರಿ ಕೊಡುತ್ತಿತ್ತು, ಆದರೆ ಶೆಡ್ಡಿದ್ದೂ ಒಂದೂ ಕುರಿಯಿಲ್ಲದವರಿಗೆ ಮಾತ್ರ. ಇನ್ನೊಂದು ಶೆಡ್ಡು ಕೊಡುತ್ತಿತ್ತು, ಆದರೆ ಕುರಿಯಿದ್ದವರಿಗೆ ಮಾತ್ರ. ಸಿದ್ದಲಿಂಗೇಶ ತರ್ಕಬದ್ಧ ಮನುಷ್ಯ. ಮೊದಲನೆಯದಕ್ಕೆ ಕುರಿ 'ಇಲ್ಲ' ಎಂದೂ ಎರಡನೆಯದಕ್ಕೆ 'ಇಪ್ಪತ್ತು' ಎಂದೂ ಬರೆದುಕೊಟ್ಟ. ಆಮೇಲೆ ತಿಕೋಟಾದ ರೈತಸಭೆಯಲ್ಲಿ ಎದ್ದುನಿಂತು, ಇಲಾಖೆಗಳ ನಡುವೆ ಸಮನ್ವಯವೇ ಇಲ್ಲವೆಂದು ಕಾಲುಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ.

ಶೆಡ್ಡಿನ ಪರಿಶೀಲನೆ ಸೋಮವಾರವೆಂದು ಫೋನ್ ಬಂತು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಹಿಂಡು ನಿಲ್ಲಿಸಿಕೊಂಡು, ಕುರಿಗಾರರಿಗೆ ಜೋಳ ಅಳೆದು ಕೊಡುವುದು ಅಲ್ಲಿನ ರೂಢಿ. ಆ ನೆಪದಲ್ಲಿ ಅವನು ಕುರಿಗಾರ್ತಿ ಕಾಳವ್ವನ ಇಪ್ಪತ್ತು ಕುರಿ ನಿಲ್ಲಿಸಿಕೊಂಡ. ಒಳಗಿನ ಕಾರಣ ಮಾತ್ರ ಹೇಳಲಿಲ್ಲ.

ಜೀಪು ಬಂತು. ಶೆಡ್ಡಿನ ಕಚೇರಿಯ ಪರಮೇಶ್ವರ ಇಳಿದರು. ಅವರ ಬೆನ್ನಿಗೇ ಕುರಿ ಕಚೇರಿಯ ತುಕಾರಾಮ ಇಳಿದರು.

"ಸಭಾದಾಗ ನೀವ ಹೇಳಿದ್ರೆಲ್ರಿ," ಎಂದು ತುಕಾರಾಮ ನಕ್ಕರು. "ಅದಕ್ಕ ಇಬ್ರೂ ಕೂಡೇ ಬಂದೇವಿ."

ಸಿದ್ದಲಿಂಗೇಶ ಕುರಿಗಳಿಗೆ ಅಡ್ಡವಾಗಿ ನಿಂತ.

ಪರಮೇಶ್ವರ ಎಣಿಸಿದರು. "ಇಪ್ಪತ್ತು. ಬರೋಬರಿ ಐತಿ."

"ಎಲ್ಲಿ ಬರೋಬರಿರೀ? ನನ್ನ ಕಾಗದದಾಗ ಒಂದೂ ಇಲ್ಲ!" ಎಂದರು ತುಕಾರಾಮ.

ಇಬ್ಬರೂ ಅವನತ್ತ ತಿರುಗಿದರು. ತನ್ನವೆಂದರೆ ಕುರಿ ಬಾರವು. ಅಲ್ಲವೆಂದರೆ ಶೆಡ್ಡು ಬಾರದು. ಅಷ್ಟರಲ್ಲಿ ಬೇವಿನ ನೆರಳಿನಿಂದ ಕಾಳವ್ವ ಕೂಗಿದಳು:

"ನನ್ನವ್ರಿ ಸಾಹೇಬ್ರ! ಗೊಬ್ಬರಕ್ಕ ನಿಲ್ಲಿಸೇನಿ. ಈ ತಮ್ಮಗ ಕುರಿ ಯಾವುದು, ಆಡು ಯಾವುದು ತಿಳಿಯಂಗಿಲ್ಲ."

"ಹೌದ್ರಿ," ಎಂದ ಸಿದ್ದಲಿಂಗೇಶ. "ಇಪ್ಪತ್ತು ಅಂತ ಬರದದ್ದು ಸುಳ್ರಿ."

ಅಧಿಕಾರಿಗಳು ಒಬ್ಬರ ಕಾಗದವನ್ನೊಬ್ಬರು ಮೊದಲ ಸಲ ಓದಿದರು. ಎರಡು ನಿಯಮಗಳು ಒಂದರ ಬಾಲವನ್ನೊಂದು ಕಚ್ಚಿಕೊಂಡು ಸುತ್ತುತ್ತಿದ್ದುದು ಅವರಿಗೂ ಕಂಡಿತು.

"ಯವ್ವಾ, ಇವರ ಕೈಯಾಗ ಕುರಿ ಬದುಕ್ತಾವೇನು?" ಎಂದು ತುಕಾರಾಮ ಕೇಳಿದರು.

"ಈಗ ಕೊಟ್ರ ಇಲ್ರಿ. ಮೂರು ತಿಂಗಳು ನನ್ನ ಹಿಂದ ತಿರಗಲಿ, ಆಮ್ಯಾಲ ನೋಡೂಣು."

ಜೀಪಿನ ಬಾನೆಟ್ಟಿನ ಮೇಲೆ ಒಂದೇ ಟಿಪ್ಪಣಿ ಸಿದ್ಧವಾಗಿ ಇಬ್ಬರ ಸಹಿಯೂ ಬಿತ್ತು: ಸುಳ್ಳು ಅರ್ಜಿ ರದ್ದು, ಮೂರು ತಿಂಗಳ ಬಳಿಕ ಕಾಳವ್ವ ಒಪ್ಪಿದರೆ, ಕುರಿ ಮತ್ತು ಶೆಡ್ಡು ಎರಡಕ್ಕೂ ಒಟ್ಟಿಗೆ ಶಿಫಾರಸು. ಯುಗಾದಿಗೆ ಇನ್ನೂ ನಾಲ್ಕು ತಿಂಗಳಿತ್ತು.

"ನಡಿಯೋ ತಮ್ಮಾ, ಬಿಸಲ ಏರಾಕತ್ತೈತಿ," ಎಂದಳು ಕಾಳವ್ವ.

ಇಪ್ಪತ್ತು ಕುರಿಗಳು ಅವಳ ಹಿಂದೆ ಹೊರಟವು. ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರವನ್ನು ಬಿಸಿಲಿಗೆ ಅಡ್ಡವಾಗಿ ತಲೆಯ ಮೇಲೆ ಹಿಡಿದು, ಅವುಗಳ ಹಿಂದೆ ಸಿದ್ದಲಿಂಗೇಶ.