ಸೋನೋಮೀಟರಿನ ಆರನೇ ರೀಡಿಂಗ್

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಆ ದಿನದ ದಿನಚರಿಯಲ್ಲಿ ನಾಲ್ಕೇ ಸಾಲುಗಳಿವೆ. ಅವನ್ನೂ ನಾನು ಪ್ರಿನ್ಸಿಪಾಲರಿಗೆ ವರದಿ ಕೊಟ್ಟು ಬಂದ ಮೇಲೆ ಬರೆದೆ, ಮಾತುಗಳು ವರದಿಯವೇ. ಹಾಗಾಗಿ ನನಗೆ ನೆನಪಿರುವುದು ನಡೆದದ್ದೋ, ನಾನು ಬರೆದುಕೊಟ್ಟದ್ದೋ ಎಂಬ ಅನುಮಾನ ಇಂದಿಗೂ ಇದೆ.

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ನಾನು ಕಡೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮನೆ ತರೀಕೆರೆಯಲ್ಲಿ. ಅಕ್ಕನ ಮಗಳು ಸ್ಮಿತಾ ನಮ್ಮ ಮನೆಯಲ್ಲಿದ್ದುಕೊಂಡು ಅದೇ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದಳು. ಲ್ಯಾಬಿನಲ್ಲಿ ಅವಳ ಜೊತೆಗಾತಿ ಹಿರೇನಲ್ಲೂರಿನ ಅರ್ಪಿತಾ.

ಸೋನೋಮೀಟರ್ ಎಂದರೆ ಒಂದು ಟೊಳ್ಳು ಮರದ ಪೆಟ್ಟಿಗೆ. ಅದರ ಮೇಲೆ ಒಂದು ತಂತಿ. ತಂತಿಯ ಒಂದು ತುದಿಯನ್ನು ಪೆಟ್ಟಿಗೆಗೆ ಬಿಗಿದಿರುತ್ತಾರೆ. ಇನ್ನೊಂದು ತುದಿ ರಾಟೆಯ ಮೇಲೆ ಹಾದು ಮೇಜಿನಾಚೆ ಇಳಿಬಿದ್ದಿರುತ್ತದೆ. ಆ ತುದಿಯ ಹ್ಯಾಂಗರಿಗೆ ಅರ್ಧ ಅರ್ಧ ಕಿಲೋದ ತೂಕ ಸೇರಿಸುತ್ತ ಹೋಗಬೇಕು. ತಂತಿಯ ಮೇಲೆ ಮಡಿಸಿದ ಕಾಗದದ ಚೂರನ್ನು ಕೂರಿಸಿ, ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಪೆಟ್ಟಿಗೆಗೆ ಒತ್ತಿದರೆ, ಕೆಳಗಿನ ಮರದ ಸೇತುವೆಗಳನ್ನು ಸರಿಸುತ್ತ ಸರಿಯಾದ ಉದ್ದಕ್ಕೆ ಬಂದಾಗ ತಂತಿಯೂ ಅದರ ಜೊತೆ ಕಂಪಿಸಿ ಕಾಗದವನ್ನು ಹಾರಿಸುತ್ತದೆ. ಅದೇ ಅನುರಣನೆ. ಕಾಗದದ ನಡುಕ ಬಹಳ ಸಣ್ಣದು. ಅದಕ್ಕೇ ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ: ಬಗ್ಗಿ, ಕಣ್ಣನ್ನು ತಂತಿಯ ಮಟ್ಟಕ್ಕೆ ತಂದು ನೋಡಿ.

ಆ ವರ್ಷ ಉಕ್ಕಿನ ತಂತಿ ತುಂಡಾಗಿತ್ತು. ಹೊಸದಕ್ಕೆ ಬರೆದಿದ್ದೆವು, ಬಂದಿರಲಿಲ್ಲ. ಲ್ಯಾಬ್ ಅಟೆಂಡರ್ ಗೌಸ್ ಸಾಹೇಬರು ಪೇಟೆಯಿಂದ ತೆಳು ಹಿತ್ತಾಳೆ ತಂತಿ ತಂದು ಕಟ್ಟಿದರು.

"ಮೂರು ಕಿಲೋ ಮೇಲೆ ಹಾಕಿಸ್ಬೇಡಿ ಮೇಡಂ," ಎಂದರು.

"ರೆಕಾರ್ಡಿನಲ್ಲಿ ನಾಲ್ಕರವರೆಗೆ ಇದೆಯಲ್ಲ ಸಾಹೇಬ್ರೆ."

"ಈ ತಂತಿ ನಿಮ್ ರೆಕಾರ್ಡ್ ಓದ್ಕೊಂಡು ಬಂದಿಲ್ಲ ಮೇಡಂ."

ನಾನು ನಕ್ಕೆ. ಅಚ್ಚಾದ ಕೋಷ್ಟಕದಲ್ಲಿ ಆರು ಸಾಲುಗಳಿದ್ದವು. ಒಂದೂವರೆ ಕಿಲೋದಿಂದ ಶುರು ಮಾಡಿ ಆರೂ ತುಂಬಿದರೆ ನಾಲ್ಕು ಕಿಲೋ ಆಗುತ್ತದೆ. ಸಾಲು ಖಾಲಿ ಬಿಟ್ಟ ರೆಕಾರ್ಡಿಗೆ ನಾನು ಸಹಿ ಹಾಕುತ್ತಿರಲಿಲ್ಲ. ಅದು ನನ್ನ ಶಿಸ್ತು.

ಗುರುವಾರ ಮಧ್ಯಾಹ್ನ ಎಂದುಕೊಂಡಿದ್ದೇನೆ. ಅರ್ಪಿತಾ ಬಗ್ಗಿ ಕಾಗದ ನೋಡುತ್ತಿದ್ದಳು.

"ಉಸಿರು ಬಿಡ್ಬೇಡ ಕಣೇ, ಅದಕ್ಕೇ ಹಾರ್ಬಿಡುತ್ತೆ," ಎಂದಳು ಸ್ಮಿತಾ.

"ನೀನು ಬಾಯಿ ಮುಚ್ಚಿದ್ರೆ ಎಲ್ಲಾ ಸರಿಯಾಗುತ್ತೆ ಸುಮ್ನಿರೇ."

ನಾನು ಆ ಮೇಜಿಗೆ ಹೋದಾಗ ಐದು ಸಾಲು ತುಂಬಿದ್ದವು. "ಆರನೇದೆಲ್ಲಿ? ಇನ್ನೊಂದು ಹಾಕಿ," ಎಂದೆ. ಈ ಮಾತು ನನ್ನದೇ, ಸಂಶಯವಿಲ್ಲ. ಆಮೇಲೆ ನೆನಪಿರುವುದು ತೂಕಗಳು ನೆಲಕ್ಕೆ ಬಿದ್ದ ಸದ್ದು. ಅರ್ಪಿತಾ ಕೂಗಲಿಲ್ಲ. ಎರಡೂ ಕೈಯಿಂದ ಎಡಗಣ್ಣು ಮುಚ್ಚಿಕೊಂಡು, "ಮೇಡಂ, ಏನೋ ಬಡೀತು," ಎಂದಳು. ಬೆರಳುಗಳ ಸಂದಿನಿಂದ ರಕ್ತ ಇಳಿಯುತ್ತಿತ್ತು.

ಗೌಸ್ ಸಾಹೇಬರು ಓಡಿಹೋಗಿ ಕಾರು ತಂದರು. ಕಡೂರಿನಿಂದ ಶಿವಮೊಗ್ಗಕ್ಕೆ ಕರೆದೊಯ್ದೆವು. ತುಂಡಾಗಿ ಚಿಮ್ಮಿದ ತಂತಿ ಕಣ್ಣಿನ ಪಾರದರ್ಶಕ ಪದರವನ್ನು ಸೀಳಿತ್ತು. ಎರಡು ಶಸ್ತ್ರಚಿಕಿತ್ಸೆಗಳಾದವು. ದೃಷ್ಟಿ ಬರಲಿಲ್ಲ.

"ತೂಕ ಹಾಕಿದ್ದು ಯಾರು ಅನ್ನೋದು ವರದಿಯಲ್ಲಿ ಸ್ಪಷ್ಟವಾಗಿರಲಿ," ಎಂದು ಪ್ರಿನ್ಸಿಪಾಲರು ಹೇಳಿದರು. ನಾನು ಬರೆದೆ: "ವಿದ್ಯಾರ್ಥಿನಿಯು ಸೂಚನೆಯನ್ನು ಮೀರಿ ತಾನೇ ಹೆಚ್ಚುವರಿ ತೂಕ ಹಾಕಿದ್ದಾಳೆ." ಬರೆಯುವಾಗ ಅದು ಸುಳ್ಳು ಅನ್ನಿಸಲಿಲ್ಲ, ಅದನ್ನೇ ಈಗ ನಂಬಲಾಗುತ್ತಿಲ್ಲ. ಗೌಸ್ ಸಾಹೇಬರ ಎಚ್ಚರಿಕೆಯನ್ನು ಬರೆಯಲಿಲ್ಲ. ಪ್ರತ್ಯಕ್ಷದರ್ಶಿ ಎಂದು ಸ್ಮಿತಾ ಕೆಳಗೆ ಸಹಿ ಹಾಕಿದಳು.

ತಿಂಗಳ ನಂತರ ಅರ್ಪಿತಾಳ ತಂದೆ ಟಿ.ಸಿ. ತೆಗೆದುಕೊಳ್ಳಲು ಬಂದರು. ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಜಗಳವಾಡಲಿಲ್ಲ.

"ನಮ್ ಹುಡುಗೀದೇ ತಪ್ಪು ಅಂತ ಬರ್ದಿದೀರಂತೆ. ಏನ್ ಕೇಳಿದ್ರೂ ಕಾಗ್ದ ನೋಡ್ತಿದ್ದೆ ಅಂತಾಳೆ, ಅಷ್ಟೇಯ. ಹೇಳಿದ್ ಮಾತು ಮೀರೋಳಲ್ಲ ಕಣ್ರೀ ಅವ್ಳು."

ನಾನು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ. ಅರ್ಪಿತಾ ಮತ್ತೆ ಓದಲಿಲ್ಲ ಎಂದು ಆಮೇಲೆ ತಿಳಿಯಿತು.

ಮುಂದೆ ನನಗೆ ಅಜ್ಜಂಪುರಕ್ಕೆ ವರ್ಗವಾಯಿತು. ಕಳೆದ ವರ್ಷ ಅಲ್ಲಿನ ಲ್ಯಾಬಿನಲ್ಲಿ ಸೋನೋಮೀಟರ್ ಜೋಡಿಸುತ್ತಿದ್ದಾಗ, ಕಾಗದ ನೋಡಲು ಬಗ್ಗಿದವಳು ಹಾಗೆಯೇ ಕೈಚಾಚಿದೆ. ಹ್ಯಾಂಗರ್ ಸಿಗಲಿಲ್ಲ. ಒಂದು ಗೇಣು ಕಡಿಮೆ ಬಿತ್ತು. ಮತ್ತೆ ಮತ್ತೆ ಚಾಚಿದೆ. ಅರ್ಪಿತಾ ನನಗಿಂತ ಕುಳ್ಳಿ. ಕಣ್ಣು ಕಾಗದದ ಬಳಿ ಇದ್ದವಳ ಕೈ ಅದೇ ಕ್ಷಣದಲ್ಲಿ ಮೇಜಿನಾಚೆಯ ತೂಕಕ್ಕೆ ತಲುಪುವುದು ಸಾಧ್ಯವೇ ಇರಲಿಲ್ಲ. ಇಷ್ಟು ತಿಳಿಯಲು ನನಗೆ ಭೌತಶಾಸ್ತ್ರ ಬೇಕಿರಲಿಲ್ಲ.

ಅರ್ಪಿತಾ ತೂಕ ಹಾಕಿರಲಿಲ್ಲ, ನನ್ನ ವರದಿ ತಪ್ಪು ಎಂದು ಹಳೆಯ ಕಾಲೇಜಿಗೂ ಅವಳ ತಂದೆಗೂ ಪತ್ರ ಬರೆದೆ. ಕಾಲೇಜಿನಿಂದ ಸ್ವೀಕೃತಿ ಬಂತು. ಹಿರೇನಲ್ಲೂರಿನಿಂದ ಏನೂ ಬರಲಿಲ್ಲ. ಮಾಸ್ತರಿಕೆ ಕಲಿಸಿದ ಪಾಠ ಇದ್ದರೆ ಇಷ್ಟೇ: ಅಳತೆ ಇಲ್ಲದ ಕಡೆ ಸಾಲನ್ನು ಖಾಲಿ ಬಿಡುವುದನ್ನು ನಾನು ಮಕ್ಕಳಿಗೆ ಕಲಿಸಬೇಕಿತ್ತು. ನಾನೂ ಕಲಿಯಬೇಕಿತ್ತು.

ಆ ಮೇಜಿನ ಬಳಿ ಇದ್ದದ್ದು ಮೂವರು. ಸ್ಮಿತಾ ಈಗ ಬಿ.ಎಡ್. ಓದುತ್ತಿದ್ದಾಳೆ. ಹೋದ ಭಾನುವಾರ ಮನೆಗೆ ಬಂದವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು ಕೇಳಿದೆ. ಅವಳು ಇನ್ನೊಂದು ಕಾಯಿ ಎತ್ತಿಕೊಂಡಳು. ಸಂಜೆಯ ಬಸ್ಸಿಗೆ ಹೊರಟುಹೋದಳು. ಅಂದಿನಿಂದ ಫೋನೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

"ಸ್ಮಿತಾ, ಆ ಕೊನೇ ತೂಕ ಇಟ್ಟಿದ್ದು ನೀನಾ, ನಾನಾ?"