ಹಿಂದಿನ ಗಾಜು ತಟ್ಟಿದ್ದು

ವರ್ಲಿನ್ ಟೀಗ್ ತಗಡಿನ ಕೆಲಸದವನು. ನಾರ್ತ್ ಕೆರೊಲಿನಾದ ವಿಲ್ಕ್ಸ್ ಸೀಮೆಯಲ್ಲಿ ರೇಸಿನ ಕಾರುಗಳಿಗೆ ಮೈ ಕಟ್ಟುವುದರಲ್ಲಿ ಅವನ ಕೈ ಪಳಗಿದ್ದು. ಆ ಕಾರುಗಳಲ್ಲೊಂದನ್ನು ಓಡಿಸುತ್ತಿದ್ದವನು ಅವನ ತಂಗಿಯ ಗಂಡ ಹಾರ್ಲನ್. ೧೯೬೮ರ ಬೇಸಿಗೆಯ ಒಂದು ಮಧ್ಯಾಹ್ನ ಹಾರ್ಲನ್ ಅಭ್ಯಾಸ ಮುಗಿಸಿ ಇಳಿದವನೇ ಹೇಳಿದ:

“ಭಾವ, ಹಿಂದಿನ ಗಾಜನ್ನ ಯಾರೋ ತಟ್ತಾರೆ.”

“ಖಾಲಿ ಹೊಟ್ಟೇಲಿ ಓಡ್ಸಿದ್ರೆ ಹಂಗೇ ಕಣಯ್ಯ.”

“ತಮಾಷೆ ಅಲ್ಲ. ಗಂಟೆಗೆ ನೂರೆಂಬತ್ತು ಮೈಲಿ ದಾಟಿದ್ ಕೂಡ್ಲೆ ಶುರು. ಮೂರು ಸಲ ತಟ್ಟತ್ತೆ, ಸುಮ್ನಾಗತ್ತೆ.”

ಮರುದಿನ ವರ್ಲಿನ್ ಕಾರಿನ ಹಿಂಭಾಗಕ್ಕೆಲ್ಲ ಗೇಣುದ್ದದ ಉಣ್ಣೆದಾರ ಅಂಟಿಸಿದ. ಗಾಳಿ ಹರಿಯುವ ದಿಕ್ಕನ್ನು ದಾರ ತೋರಿಸುತ್ತದೆ. ಹಿಂದಿನ ಸೀಟು ಕಿತ್ತ ಜಾಗದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡ.

ಹಾರ್ಲನ್ ಕಾರು ಓಡಿಸಿದ, ವೇಗ ಏರಿತು. ಗಾಜಿನ ಮೇಲಿನ ದಾರಗಳು ಹಿಂದಕ್ಕೆ ಮಲಗಬೇಕಿತ್ತು. ಅವು ಎದ್ದು ನಿಂತವು, ಮೆಲ್ಲಗೆ ಅವನ ಕಡೆಗೇ ತಿರುಗಿದವು. ಟಕ್, ಟಕ್, ಟಕ್. ಚಾವಣಿಯಿಂದ ಜಾರಿದ ಗಾಳಿ, ಒಳಸರಿದು ಕೂತ ಹಿಂದಿನ ಗಾಜಿನ ತಗ್ಗಿಗೆ ಬಿದ್ದು, ಸುತ್ತಿ, ವಾಪಸು ಬರುತ್ತದೆ. ಅದು ಅವನಿಗೆ ಗೊತ್ತು. ಆದರೂ ಒಳಗಿನಿಂದ ಗಾಜಿಗೆ ಅಂಗೈ ಇಟ್ಟ. ಸದ್ದು ಅಂಗೈ ಕೆಳಗೇ ಬಂತು. ಕೈ ಸರಿಸಿದ. ಸದ್ದೂ ಸರಿಯಿತು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಅದೇ ವಾರ ತಗ್ಗನ್ನು ಮುಚ್ಚಿ, ಚಾವಣಿಯಿಂದ ಡಿಕ್ಕಿಯವರೆಗೆ ಇಳಿಜಾರಾಗಿ ಗಾಜು ಕೂರಿಸಿದ. ದಾರಗಳು ಬಾಚಿದ ಕೂದಲಿನಂತೆ ಮಲಗಿದವು. ವೇಗ ಐದು ಮೈಲಿ ಹೆಚ್ಚಿತು.

“ಈಗ ತೀರಾ ಸುಮ್ನಿದೆ ಭಾವ,” ಎಂದ ಹಾರ್ಲನ್. “ಸ್ಟೀರಿಂಗು ಹಗುರ. ಮುಂದಿನ ಚಕ್ರ ನೆಲದ ಮೇಲಿದೆಯೋ ಇಲ್ವೋ ಗೊತ್ತಾಗಲ್ಲ.”

“ಹೆದರ್ಕೊಂಡಿದೀಯ, ಅಷ್ಟೆ.”

ಸೆಪ್ಟೆಂಬರಿನ ರೇಸಿನಲ್ಲಿ, ನಲವತ್ತನೇ ಸುತ್ತಿಗೆ, ನೇರ ಹಾದಿಯಲ್ಲಿ ಕಾರಿನ ಮೂತಿ ಎದ್ದಿತು. ಕಾರು ಬಟ್ಟೆ ಹಾರಿದಂತೆ ಹಾರಿ, ಮಗುಚಿ, ಹುಲ್ಲಿಗೆ ಬಿತ್ತು.

ಸೊಂಟದ ಮೂಳೆ ಮುರಿದರೂ ಹಾರ್ಲನ್ ಉಳಿದ. ಆಸ್ಪತ್ರೆಯಲ್ಲಿ ಪಿಸುಗುಟ್ಟಿದ: “ಮೇಲಿದ್ದಾಗ ಇಂಜಿನ್ ಸದ್ದೇ ಇರ್ಲಿಲ್ಲ ಭಾವ. ಪಕ್ಕದಲ್ಲಿ ಯಾರೋ ಉಸಿರಾಡ್ತಿದ್ರು.”

ವರ್ಲಿನ್ ಮಂಚದ ಕಂಬಿ ಹಿಡಿದುಕೊಂಡ. “ತಪ್ಪು ನಂದು. ಮೂತಿ ಅಡಿಗೆ ಗಾಳಿ ನುಗ್ತಿತ್ತು. ನೀನು ಹೇಳ್ದೆ, ನಾನು ಕೇಳ್ಲಿಲ್ಲ.”

“ಆ ಉಸಿರು?”

ವರ್ಲಿನ್ ಕಂಬಿ ಬಿಟ್ಟು ತನ್ನ ಅಂಗೈಯನ್ನು ನೋಡಿಕೊಂಡ.

ಆ ಚಳಿಗಾಲ ಅವನು ನೆಲಕ್ಕೆ ತಾಗುವಷ್ಟು ತಗ್ಗಾದ, ಚೂಪು ಮೂತಿಯನ್ನು ಕಟ್ಟಿದ. ಅದು ಏಳಲಿಲ್ಲ, ಬೇರೊಬ್ಬ ಚಾಲಕ ಆ ಕಾರಿನಲ್ಲಿ ಮೂರು ರೇಸು ಗೆದ್ದ. ಹಾರ್ಲನ್ ಮತ್ತೆಂದೂ ಓಡಿಸಲಿಲ್ಲ. ಊರುಗೋಲು ಹಿಡಿದು ಬಂದು ತಗಡು ಕತ್ತರಿಸಿಕೊಡುತ್ತಿದ್ದ. ಹೊಸ ಕಾರು ಸಿದ್ಧವಾದಾಗಲೆಲ್ಲ ವರ್ಲಿನ್ ಮೊದಲು ತಾನೇ ಹಿಂದೆ ಕೂತು ಹೋಗಿಬರುತ್ತಿದ್ದ, ಕೈಯೆರಡನ್ನೂ ಗಾಜಿನತ್ತ ಹೋಗದಂತೆ ತೊಡೆಯ ಮೇಲೆ ಬಿಗಿಯಾಗಿ ಇಟ್ಟುಕೊಂಡು.